ಮುಟ್ಟುಗೋಲು: ಒಂದು ಮಾತಿನ ಸುತ್ತ

ಪದವಿಗೆ ಸೇರಲು ಬಂದಿದ್ದ ಹುಡುಗನೊಬ್ಬ ಹಾಸ್ಟೆಲಿನ ಅರ್ಜಿ ತುಂಬಿಸಿಕೊಳ್ಳಲು ನನ್ನ ಹತ್ತಿರ ತಂದಿದ್ದ. ನಿಯಮ ಮೀರಿದಲ್ಲಿ ವಿದ್ಯಾರ್ಥಿಯ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳಲಾಗುವುದು ಎಂದು ಅದರ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಆ ಸಾಲಿನ ಮೇಲೆ ಬೆರಳಿಟ್ಟು "ಸಾ, ಇದ್ರರ್ಥ ಏನು?" ಅಂದ. "ತಪ್ಪು ಮಾಡಿದ್ರೆ ನೀನು ಕಟ್ಟಿದ ದುಡ್ಡು ವಾಪಸ್ ಬರಲ್ಲ ಅಂತ" ಎಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ಮೇಲೆ ನಾವು ಮುಟ್ಟಂಗಿಲ್ಲ ಅನ್ನೋದ್ಕೆ ಮುಟ್ಟುಗೋಲು ಅಂತಾರಾ ಸಾ?" ಎಂದು ಕೇಳಿದ. ನಾನು ನಕ್ಕೆ. ಅವನು ನಗಲಿಲ್ಲ.

ನಾನೂ ಅಂಥದೇ ಕೇರಿಯಿಂದ ಬಂದವನು. ಕನ್ನಡ ಎಂ.ಎ. ಮಾಡಿ ಪಾಠ ಹೇಳಲು ಹಿಡಿದು ನಾಲ್ಕು ವರ್ಷವಾಯಿತು. ಆದೇಶ ಸಂಧಿಗೆ ಉದಾಹರಣೆ ಕೇಳಿದರೆ ಮಳೆಗಾಲ, ಬೆಟ್ಟದಾವರೆ ಎಂದು ಪಟಪಟ ಹೇಳುತ್ತೇನೆ. ಆದರೆ ಆ ಹುಡುಗನ ಕಿವಿಗೆ ಬಿದ್ದದ್ದು ನನ್ನ ಕಿವಿಗೆ ಯಾವತ್ತೂ ಬಿದ್ದಿರಲಿಲ್ಲ. ವಿಮರ್ಶೆ ಎಂದರೆ ಕೃತಿಗಳನ್ನು ಓದುವುದು ಮಾತ್ರ ಎಂದುಕೊಂಡವರು ಅರ್ಜಿ, ನೋಟೀಸು, ಪಹಣಿಗಳ ಕನ್ನಡವನ್ನು ಓದುವುದೇ ಇಲ್ಲ. ನಮ್ಮ ಜನರ ಬದುಕನ್ನು ಕಥೆ ಕವಿತೆಗಳಿಗಿಂತ ಹೆಚ್ಚಾಗಿ ಬರೆದಿರುವುದು ಈ ಕನ್ನಡವೇ. ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಕೃತಿಯೊಂದನ್ನು ಬಿಟ್ಟು ಒಂದೇ ಒಂದು ಪದವನ್ನು ಹಿಡಿದು ಕೂತಿದ್ದಕ್ಕೆ ಇಷ್ಟೇ ಕಾರಣ.

ಮುಟ್ಟು ಎಂಬ ಮಾತಿಗೆ ಕನ್ನಡದಲ್ಲಿ ನಾಲ್ಕಾರು ಅರ್ಥಗಳಿವೆ. ಕೈ ತಾಗಿಸುವುದು ಮುಟ್ಟು. ಹೋಗಿ ಸೇರುವುದೂ ಮುಟ್ಟು: ಊರು ಮುಟ್ಟಿದ, ಕಾಗದ ಮುಟ್ಟಿತು. ಹೆಣ್ಣಿನ ತಿಂಗಳ ಮುಟ್ಟು ಬೇರೆ. ಬೇಸಾಯಗಾರನ, ಬಡಗಿಯ, ಚಮ್ಮಾರನ ಸಲಕರಣೆಗೂ ಮುಟ್ಟು ಅಂತಲೇ ಹೆಸರು. ಇವೆಲ್ಲದರ ಮೇಲೆ ಕವುಚಿಕೊಂಡ ಹಾಗೆ ಮುಟ್ಟುಚಟ್ಟು. ಸಂಧಿಯ ಲೆಕ್ಕದಲ್ಲಿ ಮುಟ್ಟುಗೋಲನ್ನು ಮುಟ್ಟು, ಕೋಲು ಎಂದು ಬಿಡಿಸಬಹುದು. ಹಿಡಿದುಕೊಳ್ಳುವುದು ಎಂಬ ಅರ್ಥದ ಹಳಗನ್ನಡದ 'ಕೋಳ್' ಎಂದು ಹಿಡಿದರೆ ಮುಟ್ಟಿ ಕೊಳ್ಳುವುದು, ಅಥವಾ ಮುಟ್ಟನ್ನೇ ಕಿತ್ತುಕೊಳ್ಳುವುದು ಎಂದೂ ಬಿಡಿಸಬಹುದು. ವೀರಗಲ್ಲುಗಳ ಶಾಸನದಲ್ಲಿ ಬರುವ ತುರುಗೋಳ್, ಅಂದರೆ ದನ ಹಿಡಿದೊಯ್ಯುವುದು, ಓದಿದವರಿಗೆ ನೆನಪಿರುತ್ತದೆ. ಇವುಗಳಲ್ಲಿ ಯಾವುದು ಮೂಲ ಎಂಬ ಜಗಳ ಭಾಷಾವಿಜ್ಞಾನಿಗಳಿಗಿರಲಿ. ನನ್ನ ಮಾತು ವ್ಯುತ್ಪತ್ತಿಯ ಮೇಲೆ ನಿಂತಿಲ್ಲ. ಈ ಪದ ಯಾರ ಕಿವಿಗೆ ಹೇಗೆ ಬೀಳುತ್ತದೆ, ಯಾರ ನಷ್ಟಕ್ಕೆ ಇದನ್ನು ಬಳಸುತ್ತಾರೆ, ಯಾರ ನಷ್ಟಕ್ಕೆ ಬಳಸುವುದಿಲ್ಲ ಎಂಬುದರ ಮೇಲೆ ನಿಂತಿದೆ.

ಮೊದಲು ಅರ್ಥ ಚೊಕ್ಕ ಮಾಡಿಕೊಳ್ಳೋಣ. ಪತ್ರಿಕೆಗಳು ವಶ, ಜಪ್ತಿ, ಮುಟ್ಟುಗೋಲು ಮೂರನ್ನೂ ಒಂದೇ ಗಂಟು ಮಾಡಿವೆ. ಕಳವಿನ ಮಾಲನ್ನು ಪೊಲೀಸರು ವಶಪಡಿಸಿಕೊಂಡರೆ ವಸ್ತು ಅವರ ಕೈಯಲ್ಲಿರುತ್ತದೆ, ಒಡೆತನ ಒಡೆಯನದೇ. ಅರಬ್ಬಿ ಮೂಲದಿಂದ ಬಂದ ಜಪ್ತಿ ಇನ್ನೊಂದು ಹೆಜ್ಜೆ ಮುಂದೆ. ಸಾಲದ ಡಿಕ್ರಿಗಾಗಿ ಮನೆಯೊಂದನ್ನು ಕೋರ್ಟು ಜಪ್ತಿ ಮಾಡಿದರೆ ಒಡೆಯ ಅದನ್ನು ಮಾರುವ ಹಾಗಿಲ್ಲ, ಬರೆದುಕೊಡುವ ಹಾಗಿಲ್ಲ. ಅವನ ಒಡೆತನ ನೇತಾಡುತ್ತಿರುತ್ತದೆ, ಸತ್ತಿರುವುದಿಲ್ಲ. ಮುಟ್ಟುಗೋಲಿನಲ್ಲಿ ಅದು ಸಾಯುತ್ತದೆ. ತಪ್ಪು ಮಾಡಿದ್ದರಿಂದ ವಸ್ತುವಿನ ಮೇಲಿನ ಹಕ್ಕೇ ಹೋಯಿತು, ಅದು ಇನ್ನು ಮೇಲೆ ಸರ್ಕಾರದ್ದು. ಜಾರಿ ನಿರ್ದೇಶನಾಲಯದವರು ತನಿಖೆಯ ಕಾಲದಲ್ಲಿ ಮಾಡುವುದು ತಾತ್ಕಾಲಿಕ ಜಪ್ತಿ. ಮರುದಿನದ ತಲೆಬರಹದಲ್ಲಿ ಅದು ಕೋಟಿಗಟ್ಟಲೆ ಆಸ್ತಿಯ ಮುಟ್ಟುಗೋಲು ಆಗಿರುತ್ತದೆ. ದಂಡ ಇವೆಲ್ಲಕ್ಕಿಂತ ಬೇರೆ. ಅದಕ್ಕೊಂದು ಅಳತೆಯಿದೆ, ಕಟ್ಟಿದರೆ ತೀರಿತು. ಚುನಾವಣೆಯ ಠೇವಣಿಯ ಉದಾಹರಣೆ ಎಲ್ಲರಿಗೂ ಗೊತ್ತು. ಸಿಂಧುವಾದ ಮತಗಳಲ್ಲಿ ಆರನೇ ಒಂದು ಪಾಲಿಗಿಂತ ಹೆಚ್ಚು ಬೀಳದ ಅಭ್ಯರ್ಥಿಗೆ, ಗೆದ್ದ ಹೊರತು, ಠೇವಣಿ ವಾಪಸ್ ಬರುವುದಿಲ್ಲ. ವಿಧಾನಸಭೆಗೆ ಅದು 10,000 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ಜನ ಇದಕ್ಕೆ ಮುಟ್ಟುಗೋಲು ಅನ್ನುವುದಿಲ್ಲ, ಠೇವಣಿ ಕಳಕೊಂಡ ಅನ್ನುತ್ತಾರೆ.

ಈ 'ಕಳಕೊಂಡ' ಎಂಬ ಮಾತನ್ನು ಇಲ್ಲೇ ಗುರುತು ಹಾಕಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಹಳ್ಳಿಯಲ್ಲಿ ಇದಕ್ಕೆ ಇನ್ನೊಂದು ಮಾತಿದೆ. ಅಡವಿಟ್ಟ ಒಡವೆಯನ್ನು ವಾಯಿದೆಯೊಳಗೆ ಬಿಡಿಸಿಕೊಳ್ಳದಿದ್ದರೆ ಅದು 'ಮುಳುಗಿತು'. ನನ್ನ ತಾತನನ್ನು ಮದುವೆ ಸಾಲಕ್ಕೆ ಒಬ್ಬ ದೊಡ್ಡ ರೈತನ ಮನೆಯಲ್ಲಿ ಜೀತಕ್ಕಿಟ್ಟಿದ್ದರು. ನಮ್ಮಜ್ಜಿ ಅದನ್ನು ಹೇಳುವಾಗ ಜೀತ ಎಂಬ ಪದವನ್ನೇ ಬಳಸುತ್ತಿರಲಿಲ್ಲ. "ನಿಮ್ ತಾತ ಹನ್ನೆರ್ಡು ವರ್ಸ ಮುಳುಗೋಗಿದ್ದ ಕಣ್ಮಗ" ಅನ್ನುತ್ತಿದ್ದಳು. ಚಿಕ್ಕವನಾಗಿದ್ದಾಗ ತಾತ ಕೆರೆಗೋ ಬಾವಿಗೋ ಬಿದ್ದಿದ್ದನೇನೋ ಅಂದುಕೊಂಡಿದ್ದೆ. ಅವಳು ಒಡವೆಗೆ ಆಡುವ ಮಾತನ್ನು ಗಂಡನಿಗೆ ಆಡುತ್ತಿದ್ದಾಳೆಂದು ತಿಳಿದದ್ದು ಎಂ.ಎ. ಮುಗಿಸಿದ ಮೇಲೆ.

ಇನ್ನು ಇಂಗ್ಲಿಷಿನ ಫಾರ್ಫಿಟ್. ನಮ್ಮ ಕಾನೂನುಗಳೆಲ್ಲ ಆ ಭಾಷೆಯಲ್ಲಿ ಹುಟ್ಟಿದ್ದರಿಂದ ಅದನ್ನು ನೋಡದೆ ವಿಧಿಯಿಲ್ಲ. ಅದು ಹಳೆಯ ಫ್ರೆಂಚಿನಿಂದ ಬಂದದ್ದು, ಅದರ ಹಿಂದೆ ಲ್ಯಾಟಿನ್ನಿನ ಎರಡು ಪದಗಳಿವೆ: ಒಂದರ ಅರ್ಥ ಹೊರಗೆ, ಇನ್ನೊಂದರ ಅರ್ಥ ಮಾಡಿದ್ದು. ಎಲ್ಲೆಯ ಹೊರಗೆ ಮಾಡಿದ್ದು, ಅಂದರೆ ಅಪರಾಧ. ಮೊದಲು ಅಪರಾಧಕ್ಕೇ ಇದ್ದ ಹೆಸರು ಕಾಲ ಸರಿದಂತೆ ಅಪರಾಧಕ್ಕಾಗಿ ತೆರಬೇಕಾದ್ದರ ಹೆಸರಾಯಿತು. ಊರ ಹೊರಗೆ ಇರಿಸಲ್ಪಟ್ಟವರಿಗೆ ಈ ಅರ್ಥ ವಿಚಿತ್ರವಾಗಿ ಕೇಳಿಸುತ್ತದೆ. ಯುರೋಪಿನವನು ಎಲ್ಲೆ ದಾಟಿ ಹೊರಗೆ ಹೋದರೆ ಅಪರಾಧ. ನಾವು ಎಲ್ಲೆ ದಾಟಿ ಒಳಗೆ ಬಂದರೆ ಅಪರಾಧ.

ಇದಕ್ಕಿಂತ ಮುಖ್ಯವಾದದ್ದು ವ್ಯಾಕರಣದ ಪ್ರಶ್ನೆ. ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕೆ ಕರ್ತೃ ಸಾಮಾನ್ಯವಾಗಿ ಕಳೆದುಕೊಂಡವನೇ. ಅವನೇ ಏನೋ ಮಾಡಿದ, ಅದರಿಂದ ಅವನೇ ಹಕ್ಕನ್ನು ಕಳೆದುಕೊಂಡ. ಕಿತ್ತುಕೊಂಡ ಕೈ ವಾಕ್ಯದಲ್ಲೆಲ್ಲೂ ಕಾಣುವುದಿಲ್ಲ. ಕನ್ನಡದ ಮುಟ್ಟುಗೋಲು ಹಾಗಲ್ಲ. ಅದು 'ಹಾಕಿಕೊಳ್ಳುವ' ಕ್ರಿಯೆ. ಯಾರೋ ಹಾಕಿಕೊಳ್ಳಬೇಕು. ಸರ್ಕಾರಿ ಕನ್ನಡ ಎಷ್ಟೇ ಜಾಣತನದಿಂದ 'ಹಾಕಿಕೊಳ್ಳಲಾಗುವುದು' ಎಂದು ಕರ್ತೃವನ್ನು ಮರೆಮಾಡಿದರೂ ತನ್ನ ಕಡೆಗೆ ಎಳೆದುಕೊಳ್ಳುವ ಆ 'ಕೊಳ್ಳು' ಅಲ್ಲೇ ಉಳಿದುಬಿಡುತ್ತದೆ. ಹೀಗಾಗಿ ಈ ಪದದಲ್ಲಿ ಮೂರು ಸಂಗತಿಗಳು ಅಡಗಿವೆ. ಕಳೆದುಕೊಂಡವನಿಗೆ ಮೊದಲು ಏನೋ ಇತ್ತು. ಅವನಿಂದ ಒಂದು ತಪ್ಪಾಯಿತು. ಕಿತ್ತುಕೊಂಡವನಿಗೆ ಕಿತ್ತುಕೊಳ್ಳುವ ಅಧಿಕಾರವಿತ್ತು. ಇವು ಮೂರೂ ಕೂಡಿದರೆ ಮುಟ್ಟುಗೋಲು. ದಲಿತರ ನಷ್ಟದ ಚರಿತ್ರೆಯನ್ನು ಈ ಮೂರರ ಎದುರು ಇಟ್ಟು ನೋಡಿದರೆ ಒಂದೂ ಹೊಂದುವುದಿಲ್ಲ.

ಮೊದಲನೆಯದು, ಇತ್ತು ಎಂಬುದು. ಮನುಸ್ಮೃತಿಯ ಎಂಟನೇ ಅಧ್ಯಾಯ ದಂಡನೆಯ ಅಧ್ಯಾಯ. ಅದರ ಕೊನೆಕೊನೆಗೆ ಶೂದ್ರನ ಸೊತ್ತನ್ನು ಬ್ರಾಹ್ಮಣ ಹಿಂದೆಮುಂದೆ ನೋಡದೆ ತೆಗೆದುಕೊಳ್ಳಬಹುದು, ಏಕೆಂದರೆ ಅವನಿಗೆ ತನ್ನದೆಂಬುದು ಇಲ್ಲವೇ ಇಲ್ಲ ಎಂಬ ಅರ್ಥದ ಮಾತು ಬರುತ್ತದೆ. ಇದರಲ್ಲಿರುವ ತರ್ಕವನ್ನು ಗಮನಿಸಬೇಕು. ಇಲ್ಲಿ ಅಪರಾಧದ ಪ್ರಸ್ತಾಪವೇ ಇಲ್ಲ. ಒಡೆತನವೇ ಇಲ್ಲದವನಿಂದ ತೆಗೆದುಕೊಂಡರೆ ಅದು ಕಿತ್ತುಕೊಂಡದ್ದೂ ಆಗುವುದಿಲ್ಲ, ಮುಟ್ಟುಗೋಲೂ ಆಗುವುದಿಲ್ಲ. ನಷ್ಟಕ್ಕೆ ಹೆಸರೇ ಇಲ್ಲದಂತೆ ಮಾಡಿದ ಪಠ್ಯ ಅದು. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಅಂಬೇಡ್ಕರರ ನೇತೃತ್ವದಲ್ಲಿ ಅದನ್ನು ಸುಟ್ಟದ್ದು ಬರೀ ಸಾಂಕೇತಿಕ ಎಂದು ಈಗಲೂ ಬರೆಯುವವರಿದ್ದಾರೆ. ಆಸ್ತಿಯ ಕಾನೂನೊಂದನ್ನು ಸುಟ್ಟದ್ದು ಎಂದು ಯಾಕೆ ಓದಬಾರದು?

ಇದರ ಪಕ್ಕದಲ್ಲಿ ಇನ್ನೊಂದು ಚರಿತ್ರೆಯನ್ನು ಇಡುತ್ತೇನೆ. 1930ರ ದಶಕದ ಮೊದಲ ವರ್ಷಗಳಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಕರನಿರಾಕರಣೆ ಮಾಡಿದರು. ಬ್ರಿಟಿಷ್ ಸರ್ಕಾರ ಅವರ ಜಮೀನುಗಳನ್ನು ಮುಟ್ಟುಗೋಲು ಹಾಕಿಕೊಂಡಿತು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಅಂಥ ಜಮೀನುಗಳನ್ನು ಹಿಂದಕ್ಕೆ ಕೊಡಿಸುವ ಕೆಲಸ ನಡೆಯಿತು. ಆ ಜನರ ಕಷ್ಟ ದೊಡ್ಡದು, ಅದನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಆದರೆ ನೋಡಿ, ಅವರ ನಷ್ಟಕ್ಕೆ ಹೆಸರಿತ್ತು, ದಫ್ತರದಲ್ಲಿ ಸರ್ವೆ ನಂಬರಿತ್ತು, ಹಿಂದಿರುಗಿಸುವ ದಾರಿಯಿತ್ತು, ಮುಟ್ಟುಗೋಲು ಎಂಬ ಪದಕ್ಕೆ ಅವರಿಂದಾಗಿ ಒಂದು ಗೌರವವೂ ಬಂತು. ಅದೇ ಹೊಲಗಳಲ್ಲಿ ನಟ್ಟಿ ನೆಟ್ಟು ಕೊಯ್ಲು ಮಾಡುತ್ತಿದ್ದ ಕೂಲಿಯವರಿಗೆ ಆ ವರ್ಷಗಳಲ್ಲಿ ತಪ್ಪಿಹೋದ ಕೂಲಿಗೆ ಯಾವ ಹೆಸರು? ಅದನ್ನು ಯಾವ ದಫ್ತರದಲ್ಲಿ ಹುಡುಕೋಣ?

ನಮ್ಮವರಿಗೆ ಇದ್ದ ಭೂಮಿ ಅಂದರೆ ಬಹುಮಟ್ಟಿಗೆ ಚಾಕರಿಯ ಭೂಮಿ. ಮುಂಬಯಿ ಪ್ರಾಂತದಲ್ಲಿ, ಅಂದರೆ ಈಗಿನ ಉತ್ತರ ಕರ್ನಾಟಕವೂ ಸೇರಿದ್ದ ಸೀಮೆಯಲ್ಲಿ, ಊರ ಚಾಕರಿಯ ವತನುಗಳು 1874ರ ಕಾಯ್ದೆಯ ಕೆಳಗಿದ್ದವು. 1928ರಲ್ಲಿ ಅಂಬೇಡ್ಕರರು ಅದರ ತಿದ್ದುಪಡಿಗೆ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಸೂದೆ ತಂದರು. ವತನಿನ ತುಂಡು ನೆಲಕ್ಕೂ ಊರವರು ಕೊಡುವ ಆಯದ ಕಾಳಿಗೂ ಕಟ್ಟುಬಿದ್ದ ಮಹಾರನು ಹಗಲು ರಾತ್ರಿ ಎನ್ನದೆ ಕರೆದಲ್ಲಿಗೆ ಓಡಬೇಕಿತ್ತು. ಅವನಿಲ್ಲದಿದ್ದರೆ ಮನೆಯವರು ಓಡಬೇಕಿತ್ತು. ಬರುವುದಿಲ್ಲ ಅಂದರೆ ನೆಲಕ್ಕೆ ಕುತ್ತು. ಭೂಮಿಯಿಂದ ಚಾಕರಿಯನ್ನು ಬಿಡಿಸಬೇಕೆಂಬುದು ಅವರ ಹೋರಾಟದ ತಿರುಳಾಗಿತ್ತು. ನಮ್ಮ ಕಡೆಯ ತೋಟಿ, ತಳವಾರ, ನೀರಗಂಟಿಗಳ ಇನಾಮು ಜಮೀನಿನ ಕಥೆಯೂ ಇದೇ ಜಾತಿಯದು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು, ಆ ಜಮೀನುಗಳನ್ನು ಅನುಭವಿಸುತ್ತಿದ್ದವರಿಗೇ ಮರುಮಂಜೂರು ಮಾಡಲು ಅವಕಾಶ ಮಾಡಿಕೊಟ್ಟಿತು. ಅಲ್ಲಿಯವರೆಗೆ ನೆಲ ಇದ್ದದ್ದು ಹಕ್ಕಾಗಿ ಅಲ್ಲ, ಕೊರಳಿನ ಹಗ್ಗವಾಗಿ.

ಜೀತದ ಕಾನೂನಿನಲ್ಲಿ ಒಂದು ಸ್ವಾರಸ್ಯವಿದೆ. 1976ರ ಜೀತ ಪದ್ಧತಿ ರದ್ದಿಯಾತಿ ಕಾಯ್ದೆಯ ಇಂಗ್ಲಿಷ್ ಪಾಠದಲ್ಲಿ ಜೀತವನ್ನು ವಿವರಿಸಲು ಬಳಸಿರುವ ಕ್ರಿಯಾಪದ ಈ ಫಾರ್ಫಿಟ್ಟೇ. ಸಾಲಗಾರನು ಬೇಕಾದ ಕೆಲಸ ಮಾಡುವ ಸ್ವಾತಂತ್ರ್ಯ, ದೇಶದಲ್ಲಿ ಎಲ್ಲೆಂದರಲ್ಲಿ ಓಡಾಡುವ ಹಕ್ಕು, ತನ್ನ ಸೊತ್ತನ್ನೋ ದುಡಿಮೆಯ ಫಲವನ್ನೋ ಪೇಟೆ ಬೆಲೆಗೆ ಮಾರುವ ಹಕ್ಕು ಇವನ್ನು ಫಾರ್ಫಿಟ್ ಮಾಡುತ್ತಾನೆ ಎಂಬ ಧಾಟಿಯಲ್ಲಿ ಅದು ಸಾಗುತ್ತದೆ. ಒಳ್ಳೆಯ ಕಾನೂನು, ಸಾಲವನ್ನೇ ಅಳಿಸಿಹಾಕಿದ ಕಾನೂನು. ಆದರೆ ಮದುವೆಗೆ ಸಾಲ ಮಾಡಿದ್ದು ಯಾವ ಅಪರಾಧ? ವಾಕ್ಯದ ಕರ್ತೃ ಮತ್ತೆ ತಾತನೇ. ದಂಡನೆಯ ಪದವನ್ನು ಕಾನೂನು ನಿರಪರಾಧಿಗೆ ಹಚ್ಚಿದೆ, ಯಾಕೆಂದರೆ ಅವನಿಗಾದದ್ದು ದಂಡನೆಯೇ ಎಂದು ಅದಕ್ಕೂ ಗೊತ್ತು. ನಮ್ಮಜ್ಜಿಯ 'ಮುಳುಗೋಗಿದ್ದ' ಇದಕ್ಕಿಂತ ಪ್ರಾಮಾಣಿಕ ಅನುವಾದ ಅಂತ ನನಗೆ ಅನ್ನಿಸುತ್ತದೆ. ಮುಳುಗುವ ಒಡವೆಗೆ ತಪ್ಪಿಲ್ಲ.

ಎರಡನೆಯದು, ತಪ್ಪು ಎಂಬುದು. 2021ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗುವೊಂದು ಗುಡಿಯೊಳಗೆ ಓಡಿತು. ತಂದೆ ಹೊರಗೆ ನಿಂತು ಕೈಮುಗಿಯುತ್ತಿದ್ದವನು. ಗುಡಿ ಶುದ್ಧ ಮಾಡಬೇಕು ಎಂದು ಆ ತಂದೆಗೆ 25,000 ರೂಪಾಯಿ ದಂಡ ಹಾಕಿದರು. ಮರುವರ್ಷ, 2022ರ ಸೆಪ್ಟೆಂಬರಿನಲ್ಲಿ, ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಮೆರವಣಿಗೆಯ ಹೊತ್ತಿಗೆ ಹದಿಹರೆಯದ ದಲಿತ ಹುಡುಗನೊಬ್ಬ ಸಿಡಿರಣ್ಣ ದೇವರ ಕೋಲನ್ನು ಮುಟ್ಟಿದ. ಆ ಮನೆಗೆ 60,000 ರೂಪಾಯಿ ದಂಡ, ಕಟ್ಟದಿದ್ದರೆ ಊರು ಬಿಡಬೇಕು. ಎರಡೂ ಕಡೆ ಸುದ್ದಿಯಾದ ಮೇಲೆ ಪೊಲೀಸ್ ಪ್ರಕರಣಗಳಾದವು.

ಮುಟ್ಟಿದ್ದು ಕೋಲು. ನನ್ನ ವಾದ ವ್ಯುತ್ಪತ್ತಿಯ ಮೇಲೆ ನಿಂತಿಲ್ಲ ಎಂದು ಮೇಲೆ ಹೇಳಿದ್ದೇನೆ, ಈಗಲೂ ಹಾಗೇ ಹೇಳುತ್ತೇನೆ. ಆದರೆ ಉಳ್ಳೇರಹಳ್ಳಿಯ ಸುದ್ದಿ ಓದಿದ ಮೇಲೆ ಮುಟ್ಟುಗೋಲು ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಮೊದಲಿನ ಹಾಗೆ ಬಿಡಿಸಿ ತೋರಿಸಲು ನನ್ನಿಂದ ಆಗುತ್ತಿಲ್ಲ.

ಹಳ್ಳಿಯ ಈ ದಂಡಗಳಿಗೆ ಇರುವ ಹೆಸರುಗಳನ್ನು ಕೇಳಿ: ಶುದ್ಧೀಕರಣದ ಖರ್ಚು, ದೇವರ ಕಾಣಿಕೆ, ತಪ್ಪುಕಾಣಿಕೆ. ತಪ್ಪುಕಾಣಿಕೆ ಅಂದರೆ ಭಕ್ತನು ತನ್ನ ತಪ್ಪೊಪ್ಪಿಕೊಂಡು ತಾನಾಗಿ ದೇವರಿಗೆ ಸಲ್ಲಿಸುವುದು. ಹತ್ತು ಜನ ಕೂತು ಹೆದರಿಸಿ ಕೀಳುವುದಕ್ಕೆ ಈ ಭಕ್ತಿಯ ಮಾತನ್ನು ಹೊದಿಸುತ್ತಾರೆ. ದುಡ್ಡಿಲ್ಲದಿದ್ದರೆ ಆಡು, ಕೋಳಿ, ಪಾತ್ರೆ ಏನಾದರೂ ಸರಿ ಎನ್ನುವ ಕಾಲವನ್ನು ನಮ್ಮ ಕೇರಿಯ ಹಿರಿಯರು ಕಂಡಿದ್ದಾರೆ. ಬ್ರಿಟಿಷರು ಬಿಟ್ಟುಹೋದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಕೂಡ ಇಷ್ಟು ನಿರ್ದಯಿಯಲ್ಲ. ಸಾಲಗಾರನ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬುದಾರನ ಮುಟ್ಟುಗಳು, ರೈತನಿಗೆ ಅಗತ್ಯವಾದ ದನ ಮತ್ತು ಬಿತ್ತನೆ ಕಾಳು, ಕೂಲಿಗಾರನ ಕೂಲಿ ಇವನ್ನು ಜಪ್ತಿ ಮಾಡುವಂತಿಲ್ಲ ಎಂದು ಅದರ 60ನೇ ಕಲಮು ಹೇಳುತ್ತದೆ. ಚಮ್ಮಾರನ ಉಳಿಯನ್ನು ಕೋರ್ಟು ಮುಟ್ಟುವ ಹಾಗಿಲ್ಲ. ಊರ ಪಂಚಾಯಿತಿಗೆ ಅಂಥ 60ನೇ ಕಲಮು ಇಲ್ಲ.

ಮೂರನೆಯದು ಅಧಿಕಾರ. ಮಿಯಾಪುರದಲ್ಲಿ, ಉಳ್ಳೇರಹಳ್ಳಿಯಲ್ಲಿ ದಂಡ ಹಾಕಿದವರಿಗೆ ಅಧಿಕಾರ ಕೊಟ್ಟವರು ಯಾರು? ಯಾರೂ ಅಲ್ಲ. ಹಾಗಾದರೆ ಅಧಿಕಾರವುಳ್ಳ ಸರ್ಕಾರ ಅವರ ಮೇಲೆ ಮುಟ್ಟುಗೋಲಿನ ಅಸ್ತ್ರ ಹಿಡಿಯಬಹುದೆ? ಹಿಡಿಯಬಹುದು. ಇದು ನಮ್ಮ ಕಾರ್ಯಕರ್ತರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪರಿಶಿಷ್ಟ ಜಾತಿ ಮತ್ತು ಬುಡಕಟ್ಟುಗಳ ದೌರ್ಜನ್ಯ ತಡೆ ಕಾಯ್ದೆ 1989ರದು, 1990ರ ಜನವರಿ 30ರಿಂದ ಜಾರಿಯಲ್ಲಿದೆ. ಅದರ 3ನೇ ಕಲಮನ್ನು ಎಲ್ಲರೂ ಓದುತ್ತಾರೆ, ದೂರಿನಲ್ಲಿ ಬರೆಸುತ್ತಾರೆ. 2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ ಸಾಮಾಜಿಕ, ಆರ್ಥಿಕ ಬಹಿಷ್ಕಾರವೂ ಅದರೊಳಗೆ ಸೇರಿದೆ. 7ನೇ ಕಲಮನ್ನು ಓದುವವರು ಕಡಿಮೆ. ಅಪರಾಧ ರುಜುವಾತಾದರೆ ವಿಶೇಷ ನ್ಯಾಯಾಲಯ ಶಿಕ್ಷೆಯ ಜೊತೆಗೆ, ಆ ಅಪರಾಧವೆಸಗಲು ಬಳಸಿದ ಅಪರಾಧಿಯ ಸ್ಥಿರ ಇಲ್ಲವೆ ಚರ ಆಸ್ತಿಯನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಬಹುದು ಎಂದು ಅದರ ಮೊದಲ ಭಾಗ ಹೇಳುತ್ತದೆ. ಎರಡನೆಯ ಭಾಗದ ಪ್ರಕಾರ ವಿಚಾರಣೆ ನಡೆಯುತ್ತಿರುವಾಗಲೇ ಆರೋಪಿಯ ಆಸ್ತಿಯನ್ನು ಜಪ್ತಿ ಮಾಡಿಡಬಹುದು, ಶಿಕ್ಷೆಯಾದರೆ ದಂಡ ವಸೂಲಿಗೆ ಬೇಕಾದಷ್ಟರ ಮಟ್ಟಿಗೆ ಅದೂ ಮುಟ್ಟುಗೋಲಿಗೆ ಒಳಪಡುತ್ತದೆ. ಜಪ್ತಿ, ಮುಟ್ಟುಗೋಲುಗಳ ನಡುವಿನ ವ್ಯತ್ಯಾಸ ಇಲ್ಲಿ ಪಂಡಿತರ ಚರ್ಚೆಯಲ್ಲ, ದೂರುದಾರನ ಕೈಯಲ್ಲಿನ ಆಯುಧ. ದಲಿತರನ್ನು ಹೊಡೆಯಲು ಆಳುಗಳನ್ನು ತುಂಬಿ ತಂದ ಟ್ರ್ಯಾಕ್ಟರು ಕೃತ್ಯಕ್ಕೆ ಬಳಸಿದ ಆಸ್ತಿಯೋ ಅಲ್ಲವೋ? ಹಾಗೆಂದು ಅರ್ಜಿ ಹಾಕಲು ಸರ್ಕಾರಿ ಅಭಿಯೋಜಕರನ್ನು ನಾವು ಕೇಳಿದ್ದೇವೆಯೋ ಇಲ್ಲವೋ? ನನ್ನ ಪರಿಚಯದ ಇಬ್ಬರು ವಕೀಲರನ್ನು ವಿಚಾರಿಸಿದೆ. ತಮ್ಮ ಕೈಮೇಲೆ 7ನೇ ಕಲಮಿನ ಆದೇಶ ಒಂದೂ ಹಾದುಹೋಗಿಲ್ಲ ಎಂದರು. ಓದುಗರಲ್ಲಿ ಯಾರಾದರೂ ಅಂಥ ಆದೇಶ ಕಂಡಿದ್ದರೆ ಈ ಪತ್ರಿಕೆಗೆ ಬರೆಯಬೇಕು.

ಆದರೆ ಇದಕ್ಕೊಂದು ಗಂಟಿದೆ. ಮುಟ್ಟುಗೋಲು ನಿಂತಿರುವುದು ಶಿಕ್ಷೆಯ ಮೇಲೆ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಏಳು ಜನ ಸತ್ತರು, ಮನೆ ಸುಟ್ಟಿತು, ತಪ್ಪಿತಸ್ಥ ಯಾರೂ ಇಲ್ಲ. ಅಂದಮೇಲೆ ಮುಟ್ಟುಗೋಲು ಹಾಕಿಕೊಳ್ಳುವುದೇನನ್ನು?

ಈಗ 'ಕಳಕೊಂಡ' ಎಂಬ ಮಾತಿಗೆ ಬರುತ್ತೇನೆ. ನಮ್ಮ ವಿಮರ್ಶೆಯ ಬರಹಗಳನ್ನು ತೆಗೆದು ನೋಡಿ. ದಲಿತರು ಭೂಮಿ ಕಳೆದುಕೊಂಡರು, ಅನನ್ಯತೆ ಕಳೆದುಕೊಂಡರು, ಸಂಸ್ಕೃತಿ ಕಳೆದುಕೊಂಡರು, ಭಾಷೆ ಕಳೆದುಕೊಂಡರು. ನಾನೂ ಹೀಗೇ ಬರೆದಿದ್ದೇನೆ, ನನ್ನ ಎಂ.ಎ. ಪ್ರಬಂಧದ ತುಂಬ ಇದೇ ಇದೆ. ಜಾತ್ರೆಯಲ್ಲಿ ಪರ್ಸು ಕಳೆದುಕೊಂಡ ಹಾಗೆ! ಶತ್ರುಗಳು ಹೀಗೆ ಬರೆದಿದ್ದರೆ ಸಿಟ್ಟಾಗುತ್ತಿದ್ದೆವು. ಇಂಗ್ಲಿಷಿನ ಕ್ರಿಯಾಪದ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಕಿತ್ತುಕೊಂಡ ಕೈಯನ್ನು ವಾಕ್ಯದಿಂದ ಆಚೆ ಕಳಿಸಿ, ಕಳೆದುಕೊಂಡವನ ಅಜಾಗರೂಕತೆಯನ್ನು ಮಾತ್ರ ಉಳಿಸುತ್ತದೆ. ಇದಕ್ಕೆ ಬದಲು ಎಲ್ಲ ಕಡೆ ಮುಟ್ಟುಗೋಲು ಎಂದು ಬರೆಯೋಣ ಅನ್ನುವವರೂ ಇದ್ದಾರೆ. ಮೊನ್ನೆ ಒಂದು ಕಮ್ಮಟದಲ್ಲಿ ಗೆಳೆಯರೊಬ್ಬರು 'ಸಾಂಸ್ಕೃತಿಕ ಮುಟ್ಟುಗೋಲು' ಎಂದು ಆವೇಶದಿಂದ ಮಾತಾಡಿದರು. ನನಗೆ ಒಪ್ಪಿಗೆಯಿಲ್ಲ. ಆ ಪದದೊಳಗೆ ತಪ್ಪು ಇದೆ, ಅಧಿಕಾರ ಇದೆ. ಅದನ್ನು ಬಳಸಿದರೆ ನಾವೇ ತಪ್ಪೊಪ್ಪಿಕೊಂಡು, ಅವರಿಗೆ ಕಿತ್ತುಕೊಳ್ಳುವ ಹಕ್ಕಿತ್ತು ಎಂದು ರುಜು ಹಾಕಿದ ಹಾಗೆ. ಕಿತ್ತುಕೊಂಡರು ಅಂದರೆ ಸಾಕು. ಯಾರು ಎಂಬುದನ್ನೂ ಹೇಳಿದರೆ ಇನ್ನೂ ಒಳ್ಳೆಯದು.

ಇದು ಶಬ್ದದ ಕಸರತ್ತು ಅನ್ನಿಸಿದರೆ ನಮ್ಮ ಮನೆಯ ಎರಡೆಕರೆಯ ಕಥೆ ಕೇಳಿ. ಜೀತದಿಂದ ಹೊರಬಂದ ತಾತನಿಗೆ ಸರ್ಕಾರದಿಂದ ಎರಡೆಕರೆ ಮಂಜೂರಾಗಿತ್ತು. 1986ರಲ್ಲಿ ಕಾಯಿಲೆ, ಸಾಲ ಎಲ್ಲ ಒಟ್ಟಿಗೆ ಬಂದಾಗ ಅದೇ ಊರಿನವರೊಬ್ಬರು ಬರೆಸಿಕೊಂಡರು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ ಕಾಯ್ದೆ, ಎಲ್ಲರೂ ಪಿ.ಟಿ.ಸಿ.ಎಲ್. ಅನ್ನುವುದು, 1978ರದು. ಸರ್ಕಾರದ ಅನುಮತಿಯಿಲ್ಲದೆ ಅಂಥ ಜಮೀನು ಮಾರಿದರೆ ಮಾರಾಟವೇ ಸಿಂಧುವಲ್ಲ. ಉಪವಿಭಾಗಾಧಿಕಾರಿಗಳು ಅದನ್ನು ಹಿಂದಕ್ಕೆ ಪಡೆದು ಮೂಲ ಮಂಜೂರುದಾರನಿಗೋ ವಾರಸುದಾರರಿಗೋ ಮರಳಿಸಬೇಕು. ಪರಿಹಾರ ಕೊಡದೆ ನಮ್ಮ ಆಸ್ತಿ ಕಿತ್ತುಕೊಳ್ಳುತ್ತಿದ್ದೀರಿ ಎಂದು ಕೊಂಡವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕೋರ್ಟು ಆ ವಾದವನ್ನು ಒಪ್ಪದೆ ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ಕೋರ್ಟು, ಯುಕ್ತ ಕಾಲದೊಳಗೆ ಅರ್ಜಿ ಹಾಕಬೇಕು, ಬಹಳ ತಡವಾದರೆ ನಡೆಯದು ಎಂದಿತು. ತಡ ಎಂಬ ಒಂದೇ ಮಾತಿನ ಮೇಲೆ ನಮ್ಮಂಥವರ ಅರ್ಜಿಗಳು ಬಿದ್ದವು. ನಮ್ಮದೂ ಬಿತ್ತು. 2023ರಲ್ಲಿ ಕರ್ನಾಟಕ ಸರ್ಕಾರ ಕಾಲಮಿತಿ ಇಲ್ಲವೆಂದು ತಿದ್ದುಪಡಿ ತಂದಿತು. ಅದು ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂಬ ವಾದ ಹೈಕೋರ್ಟಿಗೂ ಹೋಗಿದೆ.

ಕಾಯ್ದೆಯ ಈ ಕ್ರಮಕ್ಕೆ ಮುಟ್ಟುಗೋಲು ಎಂಬ ಹೆಸರಿಲ್ಲ. ಹಿಂಪಡೆದು ಮರಳಿಸುವುದು ಅಷ್ಟೆ. ಆದರೆ ಕೊಂಡವರ ಮಗ, ನನ್ನ ಜೊತೆ ಪ್ರೈಮರಿಯಲ್ಲಿ ಓದಿದವನು, ಸಂತೆಯಲ್ಲಿ ಸಿಕ್ಕಾಗ ಕೇಳಿದ್ದು "ಏನಪ್ಪ ಮೇಷ್ಟ್ರು, ನಮ್ ಜಮೀನು ಮುಟ್ಟುಗೋಲು ಹಾಕುಸ್ತೀಯಂತೆ?" ಎಂದು. ಅವನೂ ಸಣ್ಣ ರೈತನೇ, ಆ ಹೊಲದಲ್ಲಿ ಬೋರು ಕೊರೆಸಿ ಸಾಲ ಮಾಡಿಕೊಂಡಿದ್ದಾನೆ. ಅವನ ಮುಖ ನೋಡಿ ನನಗೆ ಸುಲಭವಾಗಿ ಮಾತು ಹೊರಡಲಿಲ್ಲ. ನಮ್ಮಪ್ಪನಂತೂ ಇನ್ನೂ ಒಂದು ಹೆಜ್ಜೆ ಮುಂದೆ. "ನಾವೇ ತಾನೆ ಕಳಕೊಂಡಿದ್ದು? ರುಜು ಹಾಕಿದ್ದು ನಿಮ್ ತಾತ್ನೇ ಅಲ್ವೇನೋ?" ಅನ್ನುತ್ತಾನೆ. ಕೊಂಡವನ ಬಾಯಲ್ಲಿ ಮುಟ್ಟುಗೋಲು, ನಮ್ಮಪ್ಪನ ಬಾಯಲ್ಲಿ ಕಳಕೊಂಡಿದ್ದು. ಒಂದೇ ಎರಡೆಕರೆ.

ಮತ್ತೆ ಅರ್ಜಿ ಹಾಕಲು ಹೋದ ತಿಂಗಳು ತಾಲ್ಲೂಕು ಕಚೇರಿಯ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕೂತಿದ್ದೆ. ಹುಡುಗ ತನ್ನ ಹತ್ತಿರವಿದ್ದ ಹಳೆಯ ನಮೂನೆಯಲ್ಲಿ ಹೆಸರು, ಸರ್ವೆ ನಂಬರು ಬದಲಿಸಿ ತೆಗೆದುಕೊಟ್ಟ. ನಮ್ಮ ತಾತನವರು ಸದರಿ ಜಮೀನನ್ನು ಕಳೆದುಕೊಂಡಿರುತ್ತಾರೆ ಎಂದಿತ್ತು. ಅದನ್ನು ಹೊಡೆದುಹಾಕಿ, ತಾತನವರ ಕಾಯಿಲೆ ಮತ್ತು ಸಾಲದ ಸಂದರ್ಭದಲ್ಲಿ ಎದುರುದಾರರ ತಂದೆಯವರು ಸರ್ಕಾರದ ಅನುಮತಿಯಿಲ್ಲದೆ ಸದರಿ ಜಮೀನನ್ನು ತಮ್ಮ ಹೆಸರಿಗೆ ಬರೆಸಿಕೊಂಡಿರುತ್ತಾರೆ ಎಂದು ಬರೆದುಕೊಟ್ಟೆ. ಹುಡುಗ ಎರಡನ್ನೂ ಓದಿ "ಎಲ್ಡೂ ಒಂದೇ ಅಲ್ವಾ ಸಾರ್?" ಅಂದ. ಒಂದೇ ಅಲ್ಲ ಅಂದೆ. ಆ ಪುಟವನ್ನು ಮತ್ತೆ ತೆಗೆದುಕೊಟ್ಟು ಹತ್ತು ರೂಪಾಯಿ ಜಾಸ್ತಿ ತಗೊಂಡ.